ನಲವತ್ತು ವರ್ಷ ಸಾಕ್ಷ್ಯಚಿತ್ರ ಮಾಡಿಕೊಂಡೇ ಬದುಕೋದು ಹೇಗೆ? (ದೀಪಾ ಧನರಾಜ್ ಅವರ ಚಿತ್ರಗಳನ್ನು ನೋಡಿದ ಮೇಲೆ)

ಮದುವೆಮನೆ_ಎಡಿಟರ್ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ಲಗ್ನದ ಸೀಸನ್ನಿನಲ್ಲಿ ತಿಂಗಳಿಗೆ ಎಂಟು ಹತ್ತು ಮದುವೆ. ತಾಳಿ ಕಟ್ಟುವಾಗ ಸ್ಲೋ ಮೋಷನ್, ಊಟದ ಪಂಕ್ತಿಗೆ ಕುಣಿಯೋ ಹಾಡು. ಹೊಟ್ಟೆಗೆ ಮೋಸ ಇಲ್ಲ.

ಮೊನ್ನೆ ಒಬ್ಬ ಗೆಳೆಯ ಒಂದು ಲಿಂಕ್ ಕಳಿಸಿದ. ‘ತಂಬಾಕೂ ಚಾಕಿಲಾ ಊಬ್ ಆಲಿ’ ಅಂತ ಚಿತ್ರದ ಹೆಸರು. 1982ರದ್ದು, ಕಪ್ಪು ಬಿಳುಪು, ಅರ್ಧ ಗಂಟೆಯೂ ಇಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದ ಕತೆ. ಸುಮ್ನೆ ಒಂದು ಸಲ ನೋಡೋಣ ಅಂತ ಕೂತವನು ಮೂರು ಸಲ ನೋಡಿದೆ. ಮಾಡಿದವರು ಯಾರು ಅಂತ ಹುಡುಕಿದರೆ ನಮ್ಮ ಬೆಂಗಳೂರಲ್ಲೇ ಇರೋ ದೀಪಾ ಧನರಾಜ್. 1980ರಲ್ಲಿ ಗೆಳತಿಯರ ಜೊತೆ ‘ಯುಗಾಂತರ್’ ಅಂತ ತಂಡ ಕಟ್ಟಿದವರು. 2018ರಲ್ಲಿ ರೋಹಿತ್ ವೇಮುಲ ಸಾವಿನ ನಂತರದ ಚಳವಳಿ ಬಗ್ಗೆ ದೊಡ್ಡ ಚಿತ್ರ ಮಾಡಿದ್ದಾರೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನಲವತ್ತು ವರ್ಷ.

ನನ್ನ ಪ್ರಶ್ನೆ ಕಲೆಯದ್ದಲ್ಲ, ಬಾಡಿಗೆಯದ್ದು. ಟಿಕೆಟ್ ಇಲ್ಲ, ಥಿಯೇಟರ್ ಇಲ್ಲ, ಹೀರೊ ಇಲ್ಲ. ಇಷ್ಟು ವರ್ಷ ಹೇಗೆ ಬಾಳಿಕೆ ಬರುತ್ತಾರೆ ಇವರೆಲ್ಲ? ನನಗೂ ಇದೇ ಕೆಲಸ ಮಾಡಬೇಕು ಅನ್ನಿಸುತ್ತಿದೆ. ಅಪ್ಪನ ಹತ್ತಿರ ‘ಸಾಕ್ಷ್ಯಚಿತ್ರ’ ಅಂದೆ. "ಸಾಕ್ಷಿ ಹೇಳೋದಾದ್ರೆ ಕೋರ್ಟಿಗೆ ಹೋಗು, ಬಸ್ ಚಾರ್ಜಾದರೂ ಕೊಡ್ತಾರೆ" ಅಂದರು.

ಸಿಡುಕಪ್ಪ · ಭಾನುವಾರ ರಾತ್ರಿ 10:52

ಒಂದೇ ಮಾತು. ಮದುವೆ ಬಿಡಬೇಡ. ನಿನ್ನದಲ್ಲ, ಬೇರೆಯವರದು.

ಕಾಫಿ_ಕಣ · ಭಾನುವಾರ ರಾತ್ರಿ 11:15

ಕಾಡಿನ ಕಡೆ ಬನ್ನಿ ಸಾರ್. ಡಾಕ್ಯುಮೆಂಟರಿಯಲ್ಲಿ ಸ್ವಲ್ಪವಾದರೂ ದುಡ್ಡು ಕಾಣೋದು ಅಲ್ಲೇ. ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಥಿಯೇಟರಿಗೇ ಬಂತು, ಟಿಕೆಟ್ ತಗೊಂಡು ನೋಡಿದ್ವಿ. ಡೇವಿಡ್ ಅಟೆನ್‌ಬರೋ ದನಿ. ಆ ದನಿಗೂ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಮೈಸೂರಿನ ಕೃಪಾಕರ ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದರು. ನಡುವೆ ವೀರಪ್ಪನ್ ಹಿಡಿದುಕೊಂಡು ಹೋಗಿ ಹದಿನಾಲ್ಕು ದಿನ ಇಟ್ಟುಕೊಂಡ, ಅದು 1997. ಆಮೇಲೂ ಕಾಡು ಬಿಡಲಿಲ್ಲ ನೋಡಿ.

ಸಿಡುಕಪ್ಪ · ಭಾನುವಾರ ರಾತ್ರಿ 11:18

ಹುಲಿ ಯಾರ ಮೇಲೂ ಕೇಸ್ ಹಾಕಲ್ಲ. ಅದಕ್ಕೇ ದುಡ್ಡು ಹಾಕೋರು ಸಿಗ್ತಾರೆ.

ಹದಿನಾರು_ಎಂಎಂ · ಸೋಮವಾರ ಬೆಳಿಗ್ಗೆ 6:30

ಎಂಬತ್ತರ ದಶಕದಲ್ಲಿ ನಾನು ಸೌಂಡ್ ಅಸಿಸ್ಟೆಂಟ್ ಆಗಿದ್ದೆ. ಯುಗಾಂತರ್ ಜೊತೆ ಕೆಲಸ ಮಾಡಿದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದೇ ಕಾಲದಲ್ಲಿ ಅದೇ ತರದ ಸಾಮಾನು ಹೊತ್ತವನು, ಅಷ್ಟೆ.

ತಮ್ಮಾ, ಬಾಡಿಗೆ ವಿಷಯ ಆಮೇಲೆ. ಮೊದಲು ಒಂದು ಲೆಕ್ಕ ಕೇಳು. 16 ಎಂಎಂ ಫಿಲಂ 400 ಅಡಿಯ ಸುರುಳಿಯಲ್ಲಿ ಬರುತ್ತಿತ್ತು. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಹನ್ನೊಂದು ನಿಮಿಷಕ್ಕೆ ಖಾಲಿ. 100 ಅಡಿಯ ಡಬ್ಬಿ ಆದರೆ ಮೂರು ನಿಮಿಷವೂ ಇಲ್ಲ. ಸುರುಳಿಗೆ ದುಡ್ಡು, ಲ್ಯಾಬಿನಲ್ಲಿ ತೊಳೆಸೋಕೆ ದುಡ್ಡು, ಪ್ರಿಂಟಿಗೆ ದುಡ್ಡು. ಕ್ಯಾಮೆರಾ ಗರ್ ಅಂತ ಶುರುವಾದ ಕೂಡಲೇ ಆಟೋ ಮೀಟರ್ ನೋಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ನಿನ್ನ ಮದುವೆಮನೆಯಲ್ಲಿ ಕ್ಯಾಮೆರಾ ಬೆಳಿಗ್ಗೆ ನಾಂದಿಯಿಂದ ರಾತ್ರಿ ಆರತಕ್ಷತೆವರೆಗೂ ಓಡುತ್ತದೆ. ನಮಗೆ ಅದು ಕನಸು.

ಹಾಗಾಗಿ ಮೊದಲು ಕಿವಿ, ಆಮೇಲೆ ಕಣ್ಣು. ಯುಗಾಂತರ್‌ನವರು ನಿಪ್ಪಾಣಿಯಲ್ಲಿ ಆ ಹೆಂಗಸರ ಜೊತೆ ನಾಲ್ಕು ತಿಂಗಳು ಇದ್ದರು. ಕೆಲಸ ಹೇಗೆ, ಮಾಲೀಕರು ಹೇಗೆ, ಸಂಘಕ್ಕೆ ಬಾ ಅಂದರೆ ಯಾರು ಹೆದರುತ್ತಾರೆ, ಎಲ್ಲ ಕೂತು ಕೇಳಿದರು. ಏನು ತೋರಿಸಬೇಕು ಅನ್ನೋದನ್ನು ಆ ಹೆಂಗಸರ ಮಾತಿನಿಂದಲೇ ತಗೊಂಡರು. ನಾಲ್ಕು ತಿಂಗಳಿಗೆ ಅರ್ಧ ಗಂಟೆಗಿಂತ ಕಡಿಮೆ ಸಿನಿಮಾ. ಇವತ್ತಿನ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ.

ತಂಡ ಅಂದರೂ ನಾಲ್ಕೇ ಜನ. ಆಭಾ ಭೈಯಾ, ಮೀರಾ ರಾವ್, ದೀಪಾ ಧನರಾಜ್, ಕ್ಯಾಮೆರಾಕ್ಕೆ ನವ್ರೋಜ್ ಕಾಂಟ್ರಾಕ್ಟರ್. ನವ್ರೋಜ್ ಮಣಿ ಕೌಲ್ ಅವರ ‘ದುವಿಧಾ’ಕ್ಕೆ ಕ್ಯಾಮೆರಾ ಹಿಡಿದವರು. ದೊಡ್ಡ ಹೆಸರು. ಅಂಥವರು ಪುಣೆಯ ಮನೆಗೆಲಸದ ಹೆಂಗಸರ ಚಾಳಿನಲ್ಲಿ ಮೂಲೆಗೆ ಒತ್ತಿಕೊಂಡು ನಿಂತು ಶೂಟ್ ಮಾಡಿದ್ದಾರೆ, ಅದು ಇವರ ಮೊದಲ ಚಿತ್ರ ‘ಮೋಲ್‌ಕರೀಣ್’, 1981. 2023ರ ಜೂನಿನಲ್ಲಿ ಹೊಸೂರಿನ ಹತ್ತಿರ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಎಂಬತ್ತರ ವಯಸ್ಸಿನಲ್ಲೂ ಬೈಕ್ ಓಡಿಸುತ್ತಿದ್ದ ಮನುಷ್ಯ. ಆ ಸುದ್ದಿ ಬಂದ ದಿನ ನನ್ನ ಕೈಲಿ ಬೇರೆ ಕೆಲಸ ಆಗಲಿಲ್ಲ.

ಪಿಕ್ಸೆಲ್_ಪುಟ್ಟ · ಸೋಮವಾರ ಬೆಳಿಗ್ಗೆ 9:05

ಡಾಕ್ಯುಮೆಂಟರಿಗೆ ಯಾವ ಕ್ಯಾಮೆರಾ ತಗೊಳ್ಳಲಿ? ಬಜೆಟ್ ಒಂದೂವರೆ ಲಕ್ಷ.

ಹದಿನಾರು_ಎಂಎಂ · ಸೋಮವಾರ ಬೆಳಿಗ್ಗೆ 9:20

ಇಪ್ಪತ್ತು ಸಾವಿರಕ್ಕೆ ಒಂದು ಒಳ್ಳೆ ಮೈಕ್ ತಗೋ. ಉಳಿದದ್ದು ಬ್ಯಾಂಕಲ್ಲಿಡು.

ಸಿಡುಕಪ್ಪ · ಸೋಮವಾರ ಮಧ್ಯಾಹ್ನ 1:10

ನಾನೂ ಆ ನಿಪ್ಪಾಣಿ ಚಿತ್ರ ನೋಡಿದೆ ಈಗ, ಊಟದ ಹೊತ್ತಲ್ಲಿ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಒಂದು ತಕರಾರು. ಮುಷ್ಕರದ ಭಾಗ ಆಮೇಲೆ ಮತ್ತೆ ಆಡಿ ತೋರಿಸಿದ್ದಂತೆ. ನಡೆದಾಗ ಕ್ಯಾಮೆರಾ ಅಲ್ಲಿರಲಿಲ್ಲ. ಹಾಗಾದರೆ ಇದು ಸಾಕ್ಷ್ಯ ಹೇಗಾಯಿತು? ನಾಟಕ ಅಲ್ವಾ?

ಚಿತ್ರಸಮಾಜ_ಸಾಗರ · ಸೋಮವಾರ ಮಧ್ಯಾಹ್ನ 3:45

ಈ ತಕರಾರು ಸಾಕ್ಷ್ಯಚಿತ್ರದಷ್ಟೇ ಹಳೆಯದು. ಹಿಮನಾಡಿನ ಇನ್ಯೂಟ್ ಜನರ ಬಗ್ಗೆ ಬಂದ 1922ರ ಸಾಕ್ಷ್ಯಚಿತ್ರ ‘ನಾನೂಕ್’ ನೆನಪಿಸಿಕೊಳ್ಳಿ. ಹಿಮದ ಗೂಡಿನೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದು ಅಂತ ಅರ್ಧ ಗೂಡು ಕೊಯ್ದು ತೆರೆದಿಟ್ಟು ಶೂಟ್ ಮಾಡಿದರು. ಅಲ್ಲಿ ಆಡಿಸಿದವರು ಹೊರಗಿನವರು. ನಿಪ್ಪಾಣಿಯಲ್ಲಿ ಮತ್ತೆ ಆಡಿದವರು ಮುಷ್ಕರ ಮಾಡಿದ ಹೆಂಗಸರೇ. ತಮ್ಮ ಜಗಳವನ್ನು ತಾವೇ ಇನ್ನೊಂದು ಸಲ ಮಾಡಿ ತೋರಿಸಿದರು. ನನಗೆ ಈ ಎರಡರ ನಡುವೆ ಬಹಳ ಅಂತರ ಕಾಣುತ್ತದೆ.

ಇದೇ ತಂಡ 1983ರಲ್ಲಿ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಜೊತೆ ಸೇರಿ ‘ಇದಿ ಕಥ ಮಾತ್ರಮೇನಾ’ ಅಂತ ಮಾಡಿತು. ಅಂದರೆ, ಇದು ಬರೀ ಕತೆನಾ? ಗಂಡನ ಮನೆಯ ಹೊಡೆತ ಬಡಿತದ ವಿಷಯ. ಅದು ಪೂರ್ತಿ ಕಥಾಚಿತ್ರವೇ. ಮುಚ್ಚಿದ ಬಾಗಿಲ ಹಿಂದೆ ನಡೆಯೋದನ್ನು ಕ್ಯಾಮೆರಾ ಹೋಗಿ ಹಿಡಿಯೋಕೆ ಆಗುತ್ತಾ? ಆಗಲ್ಲ. ಹಾಗಾಗಿ ಕತೆ ಮಾಡಿದರು.

ಸಿಡುಕಪ್ಪ · ಸೋಮವಾರ ಮಧ್ಯಾಹ್ನ 4:02

ಸರಿ, ಹೆಸರಲ್ಲೇ ನನ್ನ ಪ್ರಶ್ನೆ ಕೇಳಿಬಿಟ್ಟಿದ್ದಾರೆ. ಪೂರ್ತಿ ಒಪ್ಪಿಲ್ಲ. ತೆರೆ ಮೇಲೆ ‘ಇದು ಮತ್ತೆ ಆಡಿದ್ದು’ ಅಂತ ಒಂದು ಸಾಲು ಹಾಕಿದ್ದರೆ ಏನು ಕಳೆದುಹೋಗುತ್ತಿತ್ತು?

ಲೆಕ್ಕದ_ಬುಕ್ಕು · ಸೋಮವಾರ ರಾತ್ರಿ 9:30

ಪ್ರಶ್ನೆ ಕೇಳಿದವರು ಬಾಡಿಗೆ ಬಗ್ಗೆ ಕೇಳಿದ್ದು, ನೀವೆಲ್ಲ ನಾನೂಕ್‌ಗೆ ಹೋದಿರಿ. ನಾನು ಹನ್ನೆರಡು ವರ್ಷದಿಂದ ಸಣ್ಣ ಸಾಕ್ಷ್ಯಚಿತ್ರಗಳ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ.

ಹಳೇ ಕಾಲದಲ್ಲಿ ದಾರಿ ಒಂದೇ ಇತ್ತು. 1948ರಲ್ಲಿ ಶುರುವಾದ ಸರ್ಕಾರದ ಫಿಲಂಸ್ ಡಿವಿಷನ್. ಸಿನಿಮಾ ಶುರುವಾಗೋ ಮುಂಚೆ ಅದರ ಚಿತ್ರ ತೋರಿಸಲೇಬೇಕಿತ್ತು. ಅಣೆಕಟ್ಟು, ಗೊಬ್ಬರ, ಕುಟುಂಬ ಯೋಜನೆ. ನಮ್ಮಪ್ಪ ಅದು ಮುಗಿಯೋವರೆಗೂ ಹೊರಗೆ ಬೀಡಿ ಸೇದುತ್ತಿದ್ದರು. ಅಲ್ಲಿ ಕೆಲಸ ಸಿಕ್ಕರೆ ಸಂಬಳ ಬರುತ್ತಿತ್ತು, ಆದರೆ ಸರ್ಕಾರದ ಮಾತನ್ನೇ ಹೇಳಬೇಕು. ಅದನ್ನು ಬೇಡ ಅಂದವರು ಸ್ವತಂತ್ರರು. ಸ್ವತಂತ್ರರು ಅಂದರೆ ಕೈಲಿ ಕಾಸಿಲ್ಲದವರು ಅಂತ ಓದಿಕೊಳ್ಳಿ. 2022ರಲ್ಲಿ ಫಿಲಂಸ್ ಡಿವಿಷನ್ನನ್ನೂ ಎನ್‌ಎಫ್‌ಡಿಸಿಯಲ್ಲಿ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ, ಸೇರಿಸಿದರು.

2000ದ ಸುಮಾರಿಗೆ ಪಿಎಸ್‌ಬಿಟಿ, ಅಂದರೆ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ಬಂತು. ಸ್ವತಂತ್ರರಿಗೆ ಸಣ್ಣ ಮೊತ್ತ ಕೊಟ್ಟು ಮಾಡಿಸಿ ದೂರದರ್ಶನದಲ್ಲಿ ತೋರಿಸುತ್ತಿದ್ದರು. ನನಗೆ ಗೊತ್ತಿರೋ ಎಷ್ಟೋ ಜನರ ಮೊದಲ ಚಿತ್ರ ಅಲ್ಲಿಯದೇ. ಬೆಂಗಳೂರಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ತೊಂಬತ್ತರ ದಶಕದಿಂದ ಅನುದಾನ ಕೊಡುತ್ತಿದೆ. ಹೊರದೇಶದ ನಿಧಿಗಳಿವೆ. ಅವಕ್ಕೆ ಅರ್ಜಿ ಬರೆಯೋದೇ ಒಂದು ಬೇರೆ ಕಸುಬು. ನಾನು ಒಂದು ಚಿತ್ರಕ್ಕೆ ಹದಿನೇಳು ಅರ್ಜಿ ಬರೆದಿದ್ದೇನೆ, ಎರಡು ಸಿಕ್ಕವು. ಹದಿನೈದು ಸಲ ‘ವಿಷಾದಿಸುತ್ತೇವೆ’ ಅಂತ ಬಂತು. ಒಂದು ಕಡೆಯಿಂದ ಎರಡು ಸಲ ಬಂತು, ಮರೆತು ಮತ್ತೆ ವಿಷಾದಿಸಿದ್ದರು.

ಈಗ ನಿಜವಾದ ಉತ್ತರ. ಸಾಕ್ಷ್ಯಚಿತ್ರದಿಂದ ಯಾರೂ ಬಾಡಿಗೆ ಕಟ್ಟಲ್ಲ. ಪಕ್ಕದ ಕೆಲಸದಿಂದ ಕಟ್ಟುತ್ತಾರೆ. ಒಬ್ಬರು ಕಾಲೇಜಲ್ಲಿ ಪಾಠ ಮಾಡುತ್ತಾರೆ. ಇನ್ನೊಬ್ಬರು ಸಂಸ್ಥೆಗಳಿಗೆ ತರಬೇತಿ ವಿಡಿಯೊ ಮಾಡಿಕೊಡುತ್ತಾರೆ. ಮತ್ತೊಬ್ಬರು ಬೇರೆಯವರ ಚಿತ್ರಕ್ಕೆ ಎಡಿಟ್ ಮಾಡುತ್ತಾರೆ. ಶಬ್ನಂ ವಿರ್ಮಾನಿ ಕಬೀರನ ಹಿಂದೆ ಹೋಗಿ ನಾಲ್ಕು ಚಿತ್ರ ಮಾಡಿದರು, ವರ್ಷಗಟ್ಟಲೆ ಹಿಡಿಯಿತು. ಆಗ ಬೆಂಗಳೂರಿನ ಸೃಷ್ಟಿ ಕಲಾಶಾಲೆ ಅವರಿಗೆ ನೆಲೆ ಕೊಟ್ಟಿತ್ತು. ಹಾಗಾಗಿ ನಿನ್ನ ಮದುವೆ ಕೆಲಸವನ್ನು ಕೀಳಾಗಿ ನೋಡಬೇಡ. ಅದೇ ನಿನ್ನ ಫೌಂಡೇಶನ್.

ಮದುವೆಮನೆ_ಎಡಿಟರ್ · ಸೋಮವಾರ ರಾತ್ರಿ 10:15

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಒಂದು ಭಯ. ಪಕ್ಕದ ಕೆಲಸವೇ ಮುಖ್ಯ ಆಗಿಬಿಟ್ಟರೆ? ನನ್ನ ಹಾರ್ಡ್ ಡಿಸ್ಕಿನಲ್ಲಿ ಊರಿನ ಕೆರೆ ಬಗ್ಗೆ ಶೂಟ್ ಮಾಡಿದ್ದು ಮೂರು ವರ್ಷದಿಂದ ಬಿದ್ದಿದೆ. ಪ್ರತಿ ವರ್ಷ ಆಷಾಢದಲ್ಲಿ ಎಡಿಟ್ ಮಾಡ್ತೀನಿ ಅಂದುಕೊಳ್ಳುತ್ತೇನೆ. ಆಷಾಢದಲ್ಲಿ ಮದುವೆ ಇರಲ್ಲ, ಕೈಲಿ ದುಡ್ಡೂ ಇರಲ್ಲ. ಸಣ್ಣ ಪುಟ್ಟ ಆಲ್ಬಂ ಕೆಲಸ ಹಿಡಿಯುತ್ತೇನೆ. ಶ್ರಾವಣ ಬಂದೇಬಿಡುತ್ತದೆ.

ಲೆಕ್ಕದ_ಬುಕ್ಕು · ಸೋಮವಾರ ರಾತ್ರಿ 10:21

ಆಗಿಬಿಡುತ್ತದೆ. ನನಗೆ ಆಗಿದೆ. ನಾನು ನಿರ್ದೇಶಕ ಆಗೋಕೆ ಬಂದವನು.

ನಿವೃತ್ತ_ಸಿಸ್ಟರ್ · ಮಂಗಳವಾರ ಬೆಳಿಗ್ಗೆ 7:40

ನನಗೆ ಸಿನಿಮಾ ಗೊತ್ತಿಲ್ಲ. ಮೂವತ್ತು ವರ್ಷ ರಾಯಚೂರು ಕಡೆ ಹಳ್ಳಿಗಳಲ್ಲಿ ಎಎನ್‌ಎಂ, ಅಂದರೆ ಸರ್ಕಾರಿ ದಾದಿ ಆಗಿದ್ದೆ. ಮಗಳು ಕಾಲೇಜಿನಲ್ಲಿದ್ದಾಗ ದೀಪಾ ಅವರ ‘ಸಮ್‌ಥಿಂಗ್ ಲೈಕ್ ಎ ವಾರ್’ ತೋರಿಸಿದ್ದರಂತೆ. ಮನೆಗೆ ಬಂದು "ಅಮ್ಮಾ, ನೀನೂ ಹೀಗೇ ಮಾಡ್ತಿದ್ಯಾ?" ಅಂತ ಕೇಳಿದಳು. ಆಮೇಲೆ ನನಗೂ ತೋರಿಸಿದಳು. 1991ರ ಚಿತ್ರ. ಸಂತಾನಹರಣ ಕ್ಯಾಂಪಿನಲ್ಲಿ ಹೆಂಗಸರನ್ನು ಸಾಲಾಗಿ ಮಲಗಿಸಿ ಒಂದಾದ ಮೇಲೆ ಒಂದು ಆಪರೇಷನ್ ಮಾಡುತ್ತಾರೆ. ಡಾಕ್ಟರು ತಾನು ಎಷ್ಟು ಬೇಗ ಮುಗಿಸುತ್ತೇನೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಹೌದು, ಹೀಗೇ ಇತ್ತು. ನಮಗೆ ಟಾರ್ಗೆಟ್ ಇತ್ತು. ವರ್ಷಕ್ಕೆ ಇಷ್ಟು ‘ಕೇಸು’ ತರಬೇಕು. ನಾವು ಅವರನ್ನು ಹೆಂಗಸರು ಅಂತಲೇ ಹೇಳುತ್ತಿರಲಿಲ್ಲ, ಕೇಸು ಅನ್ನುತ್ತಿದ್ದೆವು. ಮಾರ್ಚ್ ಬಂತೆಂದರೆ ನಿದ್ದೆ ಇರಲಿಲ್ಲ. ಕೇಸು ಕಡಿಮೆಯಾದರೆ ಸಂಬಳ ತಡೆಹಿಡಿಯುತ್ತಾರೆ ಅನ್ನೋ ಹೆದರಿಕೆ. ಒಂದು ಸಲ ಒಬ್ಬಳನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋದೆ, ಅವಳ ಮಗುವಿಗೆ ಜ್ವರ ಇತ್ತು. ಆ ಮುಖ ಮರೆತಿಲ್ಲ. 1996ರಲ್ಲಿ ಟಾರ್ಗೆಟ್ ತೆಗೆದರು ಅಂದರು. ಹೆಸರು ಹೋಯಿತು, ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಹತ್ತಿರ ಒಂದೇ ದಿನ ಒಬ್ಬ ಸರ್ಜನ್ 83 ಹೆಂಗಸರಿಗೆ ಆಪರೇಷನ್ ಮಾಡಿದ್ದು, ಆಮೇಲೆ ಸಾವುಗಳಾಗಿದ್ದು ಪೇಪರಿನಲ್ಲಿ ಬಂದಾಗ ನನಗೆ ಆ ಚಿತ್ರವೇ ಕಣ್ಣಿಗೆ ಬಂತು.

ಅದರಲ್ಲಿ ನನಗೆ ಇಷ್ಟವಾದದ್ದು ಬೇರೆ. ಹಳ್ಳಿ ಹೆಂಗಸರು ಸುತ್ತ ಕೂತು ತಮ್ಮ ಮೈ ಬಗ್ಗೆ ತಾವೇ ಮಾತಾಡುತ್ತಾರೆ. ಮೈಯ ಚಿತ್ರ ಬಿಡಿಸಿ, ನಕ್ಕು, ನಾಚಿಕೊಂಡು, ಎಲ್ಲ ಹೇಳುತ್ತಾರೆ. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ನಾನು ಒಬ್ಬಳನ್ನೂ ಹಾಗೆ ಕೂರಿಸಿ ಕೇಳಲಿಲ್ಲ. ರಿಜಿಸ್ಟರ್ ತುಂಬಿಸೋದರಲ್ಲೇ ಆಯಿತು.

ಚಿತ್ರಸಮಾಜ_ಸಾಗರ · ಮಂಗಳವಾರ ಬೆಳಿಗ್ಗೆ 10:00

ಸಿಸ್ಟರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಿತ್ರ ಬಂದು ಎಷ್ಟೋ ವರ್ಷದ ಮೇಲೆ ಒಬ್ಬಳು ಮಗಳು ಮನೆಗೆ ಬಂದು ಅಮ್ಮನನ್ನು ಕೇಳಿದಳು. ಇದು ಯಾವ ಬಾಕ್ಸ್ ಆಫೀಸಿನ ಲೆಕ್ಕಕ್ಕೆ ಬರುತ್ತದೆ ಹೇಳಿ.

ತೋರಿಸುವ ಕೆಲಸದ ಬಗ್ಗೆ ನಾನು ಸ್ವಲ್ಪ ಹೇಳಬಲ್ಲೆ. ನಮ್ಮ ಕಡೆ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1973ರಲ್ಲೇ ಶುರುವಾಯಿತು. ಅಡಿಕೆ ಸುಲಿದು ಬಂದವರು ಕೂತು ಜಗತ್ತಿನ ಸಿನಿಮಾ ನೋಡಿದ ಊರು ಅದು. ಅದನ್ನು ನೋಡಿ ಬೆಳೆದ ನಾವು ಕೆಲವರು ಪ್ರೊಜೆಕ್ಟರ್ ಹೊತ್ತು ಶಾಲೆ, ಸೊಸೈಟಿ ಹಾಲು, ದೇವಸ್ಥಾನದ ಅಂಗಳ ಅಂತ ತಿರುಗಿದ್ದೇವೆ. ಬಿಳಿ ಪಂಚೆ ಕಟ್ಟಿದರೆ ಪರದೆ. ಕರೆಂಟು ಹೋದರೆ ಚರ್ಚೆ ಮೊದಲು, ಚಿತ್ರ ಆಮೇಲೆ.

ಈ ತರದ ಚಿತ್ರಗಳ ಅರ್ಧ ಕೆಲಸ ಎಡಿಟಿಂಗ್ ಟೇಬಲ್ಲಿನಲ್ಲಿ ಮುಗಿಯಲ್ಲ. ಯುಗಾಂತರ್‌ನವರೂ ತಮ್ಮ ಪ್ರಿಂಟುಗಳನ್ನು ಸಂಘಗಳ ಸಭೆಗೆ, ಬಸ್ತಿಗಳಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಆನಂದ್ ಪಟವರ್ಧನ್ ಅವರದ್ದೂ ಅದೇ ಕತೆ, ಜೊತೆಗೆ ಕೋರ್ಟು ಬೇರೆ. ‘ರಾಮ್ ಕೆ ನಾಮ್’ 1992ರದ್ದು. ದೂರದರ್ಶನದಲ್ಲಿ ಬಂದಿದ್ದು 1997ರಲ್ಲಿ, ಅದೂ ಕೋರ್ಟ್ ಹೇಳಿದ ಮೇಲೆ. ‘ವಾರ್ ಅಂಡ್ ಪೀಸ್’ಗೆ ಸೆನ್ಸಾರಿನವರು ಸಾಲು ಸಾಲು ಕತ್ತರಿ ಹೇಳಿದರು. ಬಾಂಬೆ ಹೈಕೋರ್ಟ್ 2003ರಲ್ಲಿ ಒಂದೂ ಕತ್ತರಿ ಇಲ್ಲದೆ ಬಿಡಿ ಅಂತು. ಸಾರ್ವಜನಿಕವಾಗಿ ತೋರಿಸಬೇಕಾದರೆ ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಎಡಿಟರ್ ತಮ್ಮಾ, ಕೋರ್ಟಿಗೆ ಹೋಗು ಅಂದ ನಿಮ್ಮಪ್ಪ ತೀರಾ ತಪ್ಪೇನೂ ಹೇಳಿಲ್ಲ.

ಸಿಡುಕಪ್ಪ · ಮಂಗಳವಾರ ಬೆಳಿಗ್ಗೆ 10:30

ಪಟವರ್ಧನ್ ಹೆಸರು ಬಂತು ಅಂದಮೇಲೆ ಇದನ್ನೂ ಸೇರಿಸಿ. ‘ಜೈ ಭೀಮ್ ಕಾಮ್ರೇಡ್’ಗೆ ಹದಿನಾಲ್ಕು ವರ್ಷ ಹಿಡಿಯಿತು. ಬಾಂಬೆ ಜೋಪಡಿಗಳ ಬಗ್ಗೆ 1985ರಲ್ಲಿ ಮಾಡಿದ ಚಿತ್ರದಲ್ಲಿ ವಿಲಾಸ್ ಘೋಗ್ರೆ ಅಂತ ಕವಿ ಹಾಡಿದ್ದರು. 1997ರ ಜುಲೈನಲ್ಲಿ ರಮಾಬಾಯಿ ನಗರದಲ್ಲಿ ಪೊಲೀಸ್ ಗೋಲಿಬಾರ್ ಆಯಿತು, ಹತ್ತು ಜನ ಸತ್ತರು. ಅದನ್ನು ತಾಳಲಾರದೆ ಘೋಗ್ರೆ ನೇಣು ಹಾಕಿಕೊಂಡರು. ಅಲ್ಲಿಂದ ಶುರುವಾದ ಚಿತ್ರ 2011ರಲ್ಲಿ ಮುಗಿಯಿತು. ನಾನು ಸಿಡುಕ ಇರಬಹುದು, ಇದನ್ನೆಲ್ಲ ನೋಡದೆ ಸಿಡುಕೋನಲ್ಲ.

ಚಾರ್‌ಮಿನಾರ್_ಕನ್ನಡಿಗ · ಮಂಗಳವಾರ ರಾತ್ರಿ 8:50

ಹೈದರಾಬಾದಿನಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದೇನೆ. ದೀಪಾ ಅವರ ‘ಕ್ಯಾ ಹುವಾ ಇಸ್ ಶಹರ್ ಕೋ?’ ಬಗ್ಗೆ ಯಾರೂ ಹೇಳಲಿಲ್ಲ. 1984ರ ಹೈದರಾಬಾದ್ ಗಲಭೆಯ ಹಿನ್ನೆಲೆಯಲ್ಲಿ ಮಾಡಿದ್ದು, 1986ರಲ್ಲಿ ಬಂತು. ಹಳೇ ಊರಿನ ಗಲ್ಲಿಗಳು, ಮೆರವಣಿಗೆ, ಕರ್ಫ್ಯೂ. ಎರಡೂ ಕಡೆಯ ನಾಯಕರು ಕ್ಯಾಮೆರಾ ಮುಂದೆ ಏನು ಮಾತಾಡುತ್ತಾರೆ ಅಂತ ಈಗ ಕೇಳಿ. ಇಸವಿ ಹೇಳದೆ ತೋರಿಸಿದರೆ ಹೋದ ವಾರದ್ದು ಅಂದುಕೊಳ್ಳುತ್ತೀರಿ. ಕಳೆದೇ ಹೋಗಬಹುದಾಗಿದ್ದ ಆ ಚಿತ್ರವನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಸರಿಪಡಿಸಿ 2013ರಲ್ಲಿ ಮತ್ತೆ ಹೊರಗೆ ತಂತು. ಯುಗಾಂತರ್ ಚಿತ್ರಗಳೂ ಅಲ್ಲಿಂದಲೇ ಡಿಜಿಟಲ್ ಆಗಿ ಬಂದಿದ್ದು. ಹೈದರಾಬಾದಿನ ಕತೆ, ನಿಪ್ಪಾಣಿಯ ಕತೆ, ಉಳಿಸಿದವರು ಜರ್ಮನಿಯವರು. ನಾಚಿಕೆ ಆಗುತ್ತದೆ.

2011ರ ‘ಇನ್ವೋಕಿಂಗ್ ಜಸ್ಟಿಸ್’ ಕೂಡ ನೋಡಿ. ಗಂಡಸರ ಜಮಾತಿನಲ್ಲಿ, ಅಂದರೆ ಮಸೀದಿಯ ಪಂಚಾಯಿತಿಯಲ್ಲಿ, ತಮ್ಮ ತಲಾಖ್, ವರದಕ್ಷಿಣೆ ವ್ಯಾಜ್ಯಕ್ಕೆ ನ್ಯಾಯ ಸಿಗಲ್ಲ ಅಂತ ತಮಿಳುನಾಡಿನ ಮುಸ್ಲಿಂ ಹೆಂಗಸರು 2004ರಲ್ಲಿ ತಮ್ಮದೇ ಜಮಾತ್ ಕಟ್ಟಿದರು. ಅವರ ಪಂಚಾಯಿತಿ ನಡೆಯೋದನ್ನು ನೋಡುವಾಗ ನಗು, ಸಿಟ್ಟು ಎರಡೂ ಬರುತ್ತದೆ. 2023ರಲ್ಲಿ ಕೇರಳದ ಸಾಕ್ಷ್ಯಚಿತ್ರ ಉತ್ಸವದಲ್ಲಿ ದೀಪಾ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು. ನಮ್ಮ ಕನ್ನಡ ಚಾನೆಲ್ಲುಗಳಲ್ಲಿ ಆ ಸುದ್ದಿ ನಾನಂತೂ ನೋಡಲಿಲ್ಲ.

ನಿಪ್ಪಾಣಿ_ಪೋರಿ · ಬುಧವಾರ ಬೆಳಿಗ್ಗೆ 6:15

ನಮ್ಮೂರಿನ ಹೆಸರು ನೋಡಿ ಒಳಗೆ ಬಂದೆ. ಈ ಚಿತ್ರ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! ಪುಣೆಯಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ನಮ್ಮೂರೇ ಹಾಗೆ.

ನಮ್ಮ ಆಯಿ, ಅಂದರೆ ಅಜ್ಜಿ, ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿದವರು. ಹದಿನಾರಕ್ಕೋ ಹದಿನೇಳಕ್ಕೋ ಹೋಗೋಕೆ ಶುರು ಮಾಡಿದರಂತೆ. ಈಗ ಎಪ್ಪತ್ತು ದಾಟಿದೆ. ನಾನು ಸಣ್ಣವಳಿದ್ದಾಗ ಅವರ ಸೀರೆಯ ಟ್ರಂಕ್ ತೆಗೆದರೆ ತಂಬಾಕಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಎಷ್ಟು ಒಗೆದರೂ ಹೋಗಿರಲಿಲ್ಲ. ಕೆಮ್ಮು ಇವತ್ತಿಗೂ ಇದೆ. ಸಂಘದ ಮಾತನ್ನು ಮನೆಯಲ್ಲಿ ಯಾರೂ ಎತ್ತಿದ್ದು ನೆನಪಿಲ್ಲ.

ಕಾಫಿ_ಕಣ · ಬುಧವಾರ ಬೆಳಿಗ್ಗೆ 8:00

ನಿಪ್ಪಾಣಿ ಅಂದರೆ ಆ ಹೆದ್ದಾರಿ ತಡೆ, ಗೋಲಿಬಾರ್ ಆಯ್ತಲ್ಲ, ಅದೇ ತಾನೆ ಈ ಹೆಂಗಸರ ಹೋರಾಟ?

ನಿಪ್ಪಾಣಿ_ಪೋರಿ · ಬುಧವಾರ ಬೆಳಿಗ್ಗೆ 8:25

ಅಲ್ಲ. ಅದು 1981ರದ್ದು, ತಂಬಾಕು ಬೆಳೆದ ರೈತರದ್ದು. ಬೆಲೆ ಸಿಗಲಿಲ್ಲ ಅಂತ ಪುಣೆ ಬೆಂಗಳೂರು ರಸ್ತೆಯಲ್ಲೇ ಕೂತರು, ರೈತ ನಾಯಕ ಶರದ್ ಜೋಶಿ ಬಂದಿದ್ದರು, ಗುಂಡು ಹಾರಿತು. ಅದನ್ನು ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ತಂಬಾಕನ್ನು ವಖಾರಿಯೊಳಗೆ ಕುಟ್ಟಿ ಜರಡಿ ಹಿಡಿಯುತ್ತಿದ್ದ ಹೆಂಗಸರ ಸಂಘ ಬೇರೆ. ಅದನ್ನು ಯಾರೂ ಹೇಳಲ್ಲ. ನಾನೂ ಇಲ್ಲಿ ಓದಿದ ಮೇಲೇ ಕೇಳಿದ್ದು. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಆಯಿಗೆ ತೋರಿಸುತ್ತೇನೆ.

ಮದುವೆಮನೆ_ಎಡಿಟರ್ · ಬುಧವಾರ ಬೆಳಿಗ್ಗೆ 9:10

ದಯವಿಟ್ಟು ತೋರಿಸಿ, ಏನಂದರು ಅಂತ ಹೇಳಿ. ಸಾಧ್ಯವಾದರೆ ಅವರು ನೋಡುವಾಗ ಮೊಬೈಲಿನಲ್ಲಿ ಶೂಟ್ ಮಾಡ್ತೀರಾ? ಮುಖದ ಮೇಲೆ ಬೆಳಕು ಬೀಳೋ ಹಾಗೆ, ಕಿಟಕಿ ಪಕ್ಕ ಕೂರಿಸಿ.

ಹದಿನಾರು_ಎಂಎಂ · ಬುಧವಾರ ಬೆಳಿಗ್ಗೆ 9:14

ಬೇಡಮ್ಮ. ಸುಮ್ನೆ ಜೊತೆಗೆ ಕೂತು ನೋಡು.

ಮದುವೆಮನೆ_ಎಡಿಟರ್ · ಬುಧವಾರ ಬೆಳಿಗ್ಗೆ 9:16

ಹೌದು, ಸಾರಿ. ಚಾಳಿ ಬಿದ್ದುಬಿಟ್ಟಿದೆ.

ಲೆಕ್ಕದ_ಬುಕ್ಕು · ಶುಕ್ರವಾರ ರಾತ್ರಿ 11:40

ಮೊನ್ನೆಯಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ‘ಯಾರೂ ಬಾಡಿಗೆ ಕಟ್ಟಲ್ಲ’ ಅಂತ ಬರೆದೆ. ನಿಜವೇ. ಆದರೆ ಈ ದೀಪಾ ಅವರ ಇಸವಿಗಳನ್ನು ಬರೆದುಕೊಂಡು ನೋಡಿದೆ. 1981, 82, 83, 86, 91. ಆಮೇಲೆ ವಕೀಲ ಕೆ.ಜಿ. ಕಣ್ಣಬಿರಾನ್ ಬಗ್ಗೆ 2007ರಲ್ಲಿ ಒಂದು, ಮತ್ತೆ 2011, 2018. ಇವೆಲ್ಲ ಎದ್ದು ಕಾಣೋ ಚಿತ್ರಗಳು, ನಡುವೆ ಇನ್ನೂ ಇವೆ. ನಾವು ಮೂರು ವರ್ಷ ಚಿತ್ರ ಬರದಿದ್ದರೆ ‘ಆಯ್ತು, ಇವನ ಕತೆ ಮುಗೀತು’ ಅಂತೀವಿ. ನನ್ನ ಬಗ್ಗೆ ನಾನೇ ಹಾಗೆ ಅಂದುಕೊಂಡಿದ್ದೆ. ಅಷ್ಟೆ, ಹೇಳಬೇಕು ಅನ್ನಿಸಿತು.

ಎಡಿಟರ್, ನಿನ್ನ ಕೆರೆ ಫುಟೇಜ್ ಎಷ್ಟು ಗಂಟೆ ಇದೆ?

ಮದುವೆಮನೆ_ಎಡಿಟರ್ · ಶುಕ್ರವಾರ ರಾತ್ರಿ 11:48

ಅರವತ್ತೆರಡು ಗಂಟೆ. ಅದರಲ್ಲಿ ಡ್ರೋನೇ ಇಪ್ಪತ್ತು.

ಲೆಕ್ಕದ_ಬುಕ್ಕು · ಶುಕ್ರವಾರ ರಾತ್ರಿ 11:50

ಡ್ರೋನ್ ಬಿಟ್ಟು ಉಳಿದದ್ದು ಕಳಿಸು. ಜನ ಮಾತಾಡಿರೋದು ಮೊದಲು. ನೋಡ್ತೀನಿ, ದುಡ್ಡು ಬೇಡ.

ನಿಪ್ಪಾಣಿ_ಪೋರಿ · ಭಾನುವಾರ ಸಂಜೆ 7:30

ಆಯಿಗೆ ತೋರಿಸಿದೆ. ಮೊಬೈಲ್ ಸಣ್ಣದಾಯ್ತು ಅಂತ ಪಕ್ಕದ ಮನೆ ಹುಡುಗನ ಲ್ಯಾಪ್‌ಟಾಪ್ ತಂದೆ. ಆಯಿಯ ಜೊತೆ ದುಡಿದ ಇನ್ನಿಬ್ಬರು ಅಜ್ಜಿಯರೂ ಬಂದು ಕೂತರು.

ಮೊದಲ ಐದು ನಿಮಿಷ ಯಾರೂ ಚಿತ್ರ ನೋಡಲೇ ಇಲ್ಲ, ಮುಖ ಹುಡುಕುತ್ತಿದ್ದರು. ಇಕಿ ಅಕಿನ ಅಲ್ಲೇನು, ಅಲ್ಲ ಅಕಿ ಮೂಗು ಹಿಂಗಿರಲಿಲ್ಲ, ಅಂತ. ಒಬ್ಬರ ಹೆಸರು ಹಿಡಿದು ಜಗಳವೂ ಆಯಿತು. ವಖಾರಿ ಒಳಗಿನದ್ದು ಬಂದಾಗ ಮಾತು ನಿಂತಿತು. ಧೂಳು ಎದ್ದ ಕೂಡಲೇ ನಮ್ಮ ಆಯಿ ಸೆರಗು ತೆಗೆದು ಮೂಗಿಗೆ ಹಿಡಿದುಕೊಂಡರು. ಲ್ಯಾಪ್‌ಟಾಪ್ ಮುಂದೆ! ಅವರಿಗೆ ಗೊತ್ತೇ ಆಗಲಿಲ್ಲ. ಆ ದೃಶ್ಯ ಮುಗಿಯೋವರೆಗೂ ಹಾಗೇ ಹಿಡಿದುಕೊಂಡಿದ್ದರು.

ಸಿಡುಕಪ್ಪ ಅವರೇ, ನಿಮ್ಮ ತಕರಾರು ಕೇಳಿದೆ. ಮುಷ್ಕರದ ಭಾಗ ಆಮೇಲೆ ಮತ್ತೆ ಮಾಡಿದ್ದಂತೆ, ಅದು ಸುಳ್ಳಲ್ವಾ ಅಂತ. ಆಯಿ ನಕ್ಕುಬಿಟ್ಟರು. "ಮೊದಲನೇ ಸಲ ಅಂಜಿಕಿ ಇತ್ತವ್ವಾ, ದನಿ ಹೊಂಡಲಿಲ್ಲ. ಇಲ್ಲಿ ನೋಡು, ಹೆಂಗ ಒದರಾಕತ್ಯಾರ" ಅಂದರು. ಆಯಿಗೂ ಸಂಘದ ಕಾರ್ಡ್ ಇತ್ತಂತೆ. ಅಜ್ಜ ಹರಿದು ಹಾಕಿದರಂತೆ. ಇದನ್ನೂ ಇವತ್ತೇ ಕೇಳಿದ್ದು.

ಸಿಡುಕಪ್ಪ · ಭಾನುವಾರ ಸಂಜೆ 7:52

ತಕರಾರು ವಾಪಸ್.

ಮದುವೆಮನೆ_ಎಡಿಟರ್ · ಭಾನುವಾರ ರಾತ್ರಿ 8:20

ಅಕ್ಕಾ, ನಾನು ನಿಪ್ಪಾಣಿಗೆ ಬರಬಹುದಾ? ಕ್ಯಾಮೆರಾ ತರಲ್ಲ. ಸುಮ್ನೆ ಬಂದು ಕೂತು ಮಾತು ಕೇಳ್ತೀನಿ. ಮುಂದಿನ ತಿಂಗಳು ಆಷಾಢ, ಮದುವೆ ಇಲ್ಲ.

ನಿಪ್ಪಾಣಿ_ಪೋರಿ · ಭಾನುವಾರ ರಾತ್ರಿ 8:41

ಕೇಳಿದೆ. "ಬರ್ಲಿ, ಸಂತಿ ದಿವ್ಸ ಮಾತ್ರ ಬ್ಯಾಡ" ಅಂದರು.